ಎರಡನೇ ಬೇರಿಂಗಿನ ಎಣ್ಣೆ

ಇದು ಆದದ್ದು ನನ್ನ ಚಿಕ್ಕಪ್ಪನ ಮಗ ಜಾಸಿಬನಿಗೆ, ಇಲ್ಲೇ ಬಸ್ರಾದಲ್ಲಿ, ಊರಿಗೆ ಕರೆಂಟು ಕೊಡುವ ನಮ್ಮ ಟರ್ಬೈನಿನ ಹಿಂದಿನ ದಾರಿಯಲ್ಲಿ. ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ಮಾತಲ್ಲ.

ಆಗಸ್ಟ್ ತಿಂಗಳು. ರಾತ್ರಿಯಲ್ಲೂ ಬಾಗಿಲ ಚಿಲಕ ಮುಟ್ಟಿದರೆ ಕೈ ಸುಡುತ್ತಿತ್ತು. ಪಾಳಿ ಮುಗಿಸಿದ ಜಾಸಿಬ್, ಹೆಂಡತಿಯ ತಮ್ಮ ಮಿಜ್‌ಹರನಿಗೆ ಯಂತ್ರ ಒಪ್ಪಿಸಿ ಮನೆಗೆ ನಡೆದಿದ್ದ. ದಾರಿಯಲ್ಲಿ ಒಂದು ಹಾಳುಬಾವಿ, ಅದರ ಮೇಲೆ ಬಾಗಿದ ಎಲಚಿ ಮರ. ಅಲ್ಲಿ ದಾಟುವಾಗ ನಮ್ಮವರು ಬಾವಿಯ ಜಿನ್ನುಗಳಿಗೆ 'ದಸ್ತೂರ್' ಅಂತ ಅಪ್ಪಣೆ ಕೇಳದೆ ಹೆಜ್ಜೆ ಇಡೋದಿಲ್ಲ. ಅವನೂ ಕೇಳಿದ. ಕಾಲಡಿ ಒಣಗಿದೆಲೆ ಚರಕ್ ಅಂತು. ಬೆನ್ನ ಹಿಂದೆ ಟರ್ಬೈನು ಒಂದೇ ಸಮನೆ ಹೂಂ... ಅನ್ನುತ್ತಿತ್ತು.

ಆ ಹೂಂ ಇಳಿಯತೊಡಗಿತು.

ಊರಿನ ದೀಪಗಳೆಲ್ಲ ಒಟ್ಟಿಗೇ ಹೋದವು. ಜಾಸಿಬ್ ನಿಂತ. ಒಳಗಿನ ಬೆಂಕಿ ಆರಿದರೂ ಟರ್ಬೈನಿನ ಆ ದೈತ್ಯ ದಂಡ ಅರ್ಧ ಗಂಟೆ ತಿರುಗುತ್ತಲೇ ಇರುತ್ತೆ. ಅದು ಕೂತಿರೋದು ಬೇರಿಂಗಿನೊಳಗಿನ ಎಣ್ಣೆಯ ಪೊರೆಯ ಮೇಲೆ. ಕರೆಂಟು ಹೋದಾಗ ಬ್ಯಾಟರಿಯ ಪಂಪು ತಾನೇ ಶುರುವಾಗಿ ಎಣ್ಣೆ ಊಡಬೇಕು. ಆಗದಿದ್ದರೆ ಬೇರಿಂಗು ಕರಗುತ್ತೆ, ದಂಡ ಓಲಾಡುತ್ತೆ... ಪಕ್ಕದಲ್ಲಿದ್ದವನು ಉಳಿಯೋದಿಲ್ಲ.

ಶುರುವಾಗಿರುತ್ತೆ ಅಂದುಕೊಂಡು ಮುಂದೆ ಹೆಜ್ಜೆ ಇಟ್ಟ.

ಆಗ ಕೆಮ್ಮು ಕೇಳಿಸಿತು. ಖುಳ್... ಖುಳ್... ಅವನ ಎಡಗಿವಿಯ ಪಕ್ಕದಲ್ಲೇ. ಆ ಕಿವಿಯನ್ನು ಯಂತ್ರದ ಸದ್ದು ತಿಂದು ಎಷ್ಟೋ ವರ್ಷವಾಗಿತ್ತು. ಗುಡುಗಿದರೂ ಅದಕ್ಕೆ ಕೇಳುತ್ತಿರಲಿಲ್ಲ.

"ಲೋ ಕಿವುಡ..."

ಅವನನ್ನು ಹಾಗೆ ಕರೆಯುತ್ತಿದ್ದವರು ಒಬ್ಬರೇ, ಇಂಜಿನಿಯರ್ ಫರ್ಹೂದ್. ರಂಜಾನಿಗೆ ಮುಂಚೆ ಅವರನ್ನು ನಜಫ್‌ನಲ್ಲಿ ಮಣ್ಣು ಮಾಡಿದ್ದರು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ.

"ಉಸ್ತಾದ್...?" ಅಂದ ಜಾಸಿಬ್.

"ಎರಡನೇ ಬೇರಿಂಗಿಗೆ ಎಣ್ಣೆ ಬರ್ತಿಲ್ಲ ಕಣೋ. ಹುಡುಗ ಒಬ್ಬನೇ ಇದ್ದಾನೆ. ಹೋಗು."

ಜಾಸಿಬ್ ತಿರುಗಿ ನೋಡಲಿಲ್ಲ. ಒಂದೇ ಓಟ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಯಂತ್ರದ ಮನೆ ಕತ್ತಲು. ಮಿಜ್‌ಹರ್ ಟಾರ್ಚು ಹಿಡಿದು ಎಣ್ಣೆಯ ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತಿದ್ದ.

"ಏನ್ ಭಾವ, ಅಕ್ಕ ಒಳಗೆ ಸೇರಿಸ್ಲಿಲ್ವಾ?" ಅಂದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಬ್ಯಾಟರಿ ಪಂಪು?"

"ಏಳ್ತಿಲ್ಲ. ಸ್ವಿಚ್ಚು ಒತ್ತೀ ಒತ್ತೀ ಬೆರಳು ಹೋಯ್ತು."

ಮುಳ್ಳು ಇಳಿದು ಇಳಿದು ಸೊನ್ನೆಗೆ ಮಲಗಿತು. ಎರಡನೇ ಬೇರಿಂಗಿನಿಂದ ಸದ್ದು ಹೊರಟಿತು. ಕೀಂ... ಕೀಂ... ಸುಟ್ಟ ಎಣ್ಣೆಯ ವಾಸನೆ.

"ಆಚೆ ನಡಿ," ಅಂದ ಜಾಸಿಬ್.

"ನೀನು?"

"ನಡಿಯೋ. ನಿಮ್ಮಕ್ಕಂಗೆ ನಾನೇನಂತ ಹೇಳ್ಲಿ?"

ಅವನ ರಟ್ಟೆ ಹಿಡಿದು ಎಳೆದ. ಅಷ್ಟರಲ್ಲಿ... ಕೆಳಗಿನ ಎಣ್ಣೆ ತೊಟ್ಟಿಯ ಕಡೆಯಿಂದ ಟಕ್. ಆಮೇಲೆ ಝೂಂ...

ಪಂಪು ಎದ್ದಿತ್ತು. ಕೊಳವೆಯೊಳಗೆ ಗುಳುಗುಳು ಅಂತ ಎಣ್ಣೆ ಹರಿಯಿತು. ಮುಳ್ಳು ನಡುಗುತ್ತ ಮೇಲೆ ಬಂತು. ಬೇರಿಂಗಿನ ಕೀರಲು ಸಣ್ಣಗಾಗಿ ನಿಂತುಹೋಯಿತು.

"ಕೆಳಗೆ ಯಾರಿದ್ದಾರೆ?" ಪಿಸುಗುಟ್ಟಿದ ಮಿಜ್‌ಹರ್.

ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಿಂತೇ ಇದ್ದರು. ದಂಡ ಕೊನೆಯ ಸುತ್ತು ಸುತ್ತಿ ನಿಂತಿತು. ಕಾದ ಬೇರಿಂಗು ಆರುವವರೆಗೂ ಎಣ್ಣೆ ಹರಿಯಿತು. ಆಮೇಲೆ ಪಂಪೂ ಸುಮ್ಮನಾಯಿತು.

ಆ ವಾರವೇ ಬೇರಿಂಗು ಬಿಚ್ಚಿ ನೋಡಿದರು. ಅಂಚಿನಲ್ಲಿ ಉಗುರಿನಷ್ಟು ಕಪ್ಪು, ಅಷ್ಟೇ. ಮತ್ತೆ ಯಂತ್ರ ಹೂಡಿದರು, ಊರಿಗೆ ದೀಪ ಬಂತು.

ಆದರೆ ಆ ರಾತ್ರಿ ಅವರಿಬ್ಬರೂ ಟಾರ್ಚು ಹಿಡಿದು ಕೆಳಗೆ ಇಳಿದಿದ್ದರು. ಅಲ್ಲಿ ಯಾರೂ ಇರಲಿಲ್ಲ. ಬ್ಯಾಟರಿಯಿಂದ ಪಂಪಿಗೆ ಬರುವ ಕೇಬಲ್ಲು ನಡುವೆ ಸುಟ್ಟು ಎರಡು ತುಂಡಾಗಿತ್ತು, ನಡುವೆ ಗೇಣು ಜಾಗ. ಮಿಜ್‌ಹರ್ ಪಂಪಿನ ಮೋಟಾರಿನ ಮೇಲೆ ಅಂಗೈ ಇಟ್ಟು ನೋಡಿದ. ಅವನು ಈಗಲೂ ಇದ್ದಾನೆ, ಬೇಕಾದರೆ ಹೋಗಿ ಕೇಳಿ, ಒಂದಕ್ಷರ ಬದಲಿಸೋದಿಲ್ಲ. ಅಷ್ಟು ಹೊತ್ತು ಓಡಿದ ಮೋಟಾರು ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಅದರ ಮೈಯೆಲ್ಲ ನೀರು ಬೆವೆತಿತ್ತು.