ಹತ್ತು ಲಕ್ಷದ ಒಂಬತ್ತು

ಸಭೆಗೆ ಬಂದಿರುವ ಹಿರಿಯರೇ, ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಗಂಗಲಕ್ಷ್ಮಮ್ಮನವರೇ — ಎಲ್ಲರಿಗೂ ನಮಸ್ಕಾರ.

ಹತ್ತು ಲಕ್ಷದ ಒಂಬತ್ತು, ಅಂದರೆ 10,00,009, ಅವಿಭಾಜ್ಯ ಸಂಖ್ಯೆಯಲ್ಲ. ಅದು 293ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 3413. ನಿನ್ನೆ ಸಂಜೆ ಇದನ್ನು ತಿಳಿಸಿದವರು ನಮ್ಮ ಶಾಲೆಯ ಗಣಿತದ ಗಯಾಜ್ ಸಾಹೇಬರು. ನಾನು ಚರಿತ್ರೆ ಪಾಠ ಹೇಳುವವನು — ಆದರೂ ಗುಣಿಸಿ ನೋಡಿದೆ. ಸರಿಯಾಗಿದೆ.

ಇಂಥ ಸಭೆಯಲ್ಲಿ ಇದೇನು ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಕಳೆದ ತಿಂಗಳು ತೀರಿಕೊಂಡ ಚಲುವಯ್ಯ ಮೇಷ್ಟ್ರನ್ನು ಬಲ್ಲವರಿಗೆ ಅನ್ನಿಸದು. ಹಲಸೂರಿನ ಈ ಶಾಲೆಯಲ್ಲಿ ಅವರು ಗಣಿತ ಕಲಿಸಿದರು. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ ಸಂಖ್ಯೆಗಳೆಂದರೆ ಅವರಿಗೆ ಬಲು ಪ್ರೀತಿ. ಆಗ ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಭಾನುವಾರಗಳಲ್ಲಿ ಮೇಷ್ಟ್ರೂ ಸೇರಿ ನಾಲ್ಕೈದು ಜನ ಅಧ್ಯಾಪಕರು ಇದೇ ಹಜಾರದಲ್ಲಿ ಸ್ಲೇಟು ಹಿಡಿದು ಕೂತರು. ಹತ್ತು ಲಕ್ಷದ ಒಂಬತ್ತನ್ನು ಪರೀಕ್ಷಿಸಲು ಸಾವಿರದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅದನ್ನು ಹಂಚಿಕೊಂಡರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮತ್ತೆ ಮಾಡಬೇಕು — ಇದು ಮೇಷ್ಟ್ರ ನಿಯಮ. ಇನ್ನೂರರಿಂದ ಮುನ್ನೂರರವರೆಗೆ ಮೇಷ್ಟ್ರದೇ ಪಾಲು. ಅದನ್ನು ಮಾತ್ರ ಯಾರೂ ಮತ್ತೆ ಮಾಡಲಿಲ್ಲ.

"ನನ್ನದನ್ನೂ ನೋಡ್ರಪ್ಪ," ಅಂದರು ಮೇಷ್ಟ್ರು.

"ನಿಮ್ದು ನೋಡೋದಾ ಸಾರ್? ನಮ್ ಕಿವಿ ಹಿಂಡಿ ಮಗ್ಗಿ ಕಲ್ಸಿದ್ದೇ ನೀವು!" — ಇದು ಡ್ರಿಲ್ ಮಾಸ್ತರ್ ರಾಮಾಂಜಿನಪ್ಪನವರ ಉತ್ತರ. ಎಲ್ಲರೂ ನಕ್ಕರು. ಸಂಖ್ಯೆ ಅವಿಭಾಜ್ಯವೆಂದು ತೀರ್ಮಾನವಾಯಿತು. ಮೇಷ್ಟ್ರ ನೆನಪಿಗೆ ಶಾಲೆಯ ಬಾಗಿಲಲ್ಲಿ ನಿಲ್ಲಿಸುವ ಕಲ್ಲಿನ ಮೇಲೆ ಅದನ್ನೇ ಕೆತ್ತಿಸಲು ಶಾಲಾ ಸಮಿತಿ ಒಪ್ಪಿತ್ತು.

ಕೆತ್ತುವ ಮುನ್ನ ಗಯಾಜ್ ಸಾಹೇಬರು ಬೇರೆ ದಾರಿಯಿಂದ ನೋಡಿದರು. ಸಾವಿರದ ವರ್ಗಕ್ಕೆ ಮೂರರ ವರ್ಗ ಕೂಡಿದರೆ ಈ ಸಂಖ್ಯೆ. ಅವಿಭಾಜ್ಯವಾಗಿದ್ದರೆ ಹೀಗೆ ಎರಡು ವರ್ಗಗಳ ಮೊತ್ತವಾಗಿ ಒಂದೇ ಬಗೆಯಲ್ಲಿ ಬರೆಯಲು ಸಾಧ್ಯ. ಅವರಿಗೆ ಎರಡನೆಯ ಬಗೆ ಸಿಕ್ಕಿತು — 235ರ ವರ್ಗ, 972ರ ವರ್ಗ. ಅಲ್ಲಿಂದ ಮುಂದೆ 293 ಸಿಗುವುದು ಕಷ್ಟವಾಗಲಿಲ್ಲ.

ಸಮಿತಿಯ ಕಾರ್ಯದರ್ಶಿಗಳು ಇಲ್ಲೇ ಇದ್ದಾರೆ. ಅವರ ಮಾತನ್ನು ಅವರೆದುರೇ ಹೇಳುತ್ತೇನೆ. "ಲೆಕ್ಕ ತಪ್ಪು ಅಂತ ಹೊರಗೆ ಗೊತ್ತಾದ್ರೆ ಕಲ್ಲು ಯಾತಕ್ರೀ? ಸುಮ್ನಿರಿ. ಯಾರು ಭಾಗಿಸಿ ನೋಡ್ತಾರೆ?"

ಗಯಾಜ್ ಸಾಹೇಬರೂ ನಾನೂ ಮೇಷ್ಟ್ರ ಪತ್ನಿ ಗಂಗಲಕ್ಷ್ಮಮ್ಮನವರ ಮನೆಗೆ ಹೋದೆವು. ಗಯಾಜ್ ಹೊಸ್ತಿಲಲ್ಲೇ ನಿಂತು ಹೇಳಿದರು:

"ಅಕ್ಕಾ, ಮೇಷ್ಟ್ರದು ಒಂದು ಲೆಕ್ಕ ತಪ್ಪಾಗಿದೆ."

"ಒಂದೇನಾ?" ಅಂದರು ಅವರು.

ವಿಷಯ ಪೂರ್ತಿ ಹೇಳಿದೆವು. ತಪ್ಪು ಹೊರಬಿದ್ದರೆ ಕಲ್ಲು ಸಿಗದಿರಬಹುದು ಎಂದೂ ಹೇಳಿದೆವು. ಅದಕ್ಕೆ ಗಂಗಲಕ್ಷ್ಮಮ್ಮನವರು ಅಂದದ್ದು ಇಷ್ಟು:

"ಆ ಕಲ್ಲು ನಂಗೆ ಬೇಕಪ್ಪ. ದಿನಾ ಆ ಕಡೆ ಹೋಗ್ವಾಗ ಒಂದ್ಸಲ ಅವರ ಹೆಸರು ನೋಡ್ಬೋದು ಅನ್ಕೊಂಡಿದ್ದೆ. ಆದ್ರೆ ಲೆಕ್ಕ ತಪ್ಪಿದ ಮಕ್ಕಳ್ನ ಅವರು ಹೊಡೀತಿರ್ಲಿಲ್ಲ. ಅಳಿಸಿ ಮುಚ್ಚಿಟ್ಟೋರಿಗೆ ಬೀಳ್ತಿತ್ತು. ಸಭೇಲೇ ಹೇಳ್ಬಿಡಿ."

ಹೇಳಿದ್ದೇನೆ.

ಕಲ್ಲು ನಿಲ್ಲಲಿ, ಅದರ ಮೇಲೆ ಸಂಖ್ಯೆ, ಅದರ ಎರಡು ಅಪವರ್ತನಗಳು, ಮೇಷ್ಟ್ರ ಹೆಸರು ಇರಲಿ — ಇದು ಅಧ್ಯಾಪಕರ ಕೋರಿಕೆ. ಸಹಿ ಹಾಕಿದವರಲ್ಲಿ ರಾಮಾಂಜಿನಪ್ಪನವರು ಮೊದಲಿಗರು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಎರಡು ನಿಮಿಷ ಮೌನವಾಗಿರೋಣ. ಕಲ್ಲಿನ ವಿಷಯ ತೀರ್ಮಾನಿಸಲು ಸಮಿತಿ ಸೋಮವಾರ ಸಂಜೆ ಐದಕ್ಕೆ ಸೇರುತ್ತದೆ. ಗಂಗಲಕ್ಷ್ಮಮ್ಮನವರೂ ಬರುತ್ತಾರೆ.