ಕುಮುದಾಳಿಗಾಗಿ ಹೊತ್ತ ದೀಪ

ಬೇರೆಯವರ ಮಾತಿಗೆ ಕಿವಿಗೊಟ್ಟದ್ದೇ ತಪ್ಪು, ಅದನ್ನು ಬರೆಯುವುದು ಇನ್ನೂ ದೊಡ್ಡ ತಪ್ಪು, ಓದುವವರು ಕ್ಷಮಿಸಬೇಕು. ದೀಪಾವಳಿ ಮುಗಿದ ಮರುವಾರ ಹೊಸನಗರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಹೈಸ್ಕೂಲಿನ ಇಬ್ಬರು ಮಕ್ಕಳು ಕೂತಿದ್ದರು. ಸ್ವಾತಿ ಶಾಲಾ ಸಂಸತ್ತಿನ ಮುಖ್ಯಮಂತ್ರಿ, ಶಿವು ಆರೋಗ್ಯ ಮಂತ್ರಿ. ಸಹಪಾಠಿ ಕುಮುದಾಳ ಹೃದಯದ ಆಪರೇಷನ್ನಿಗೆಂದು ಶಾಲೆಯ ಮಕ್ಕಳು, ಮನೆಮನೆಗೆ ಹಬ್ಬದ ಜ್ಯೋತಿ ಒಯ್ಯುವ ಅಂಟಿಗೆ-ಪಂಟಿಗೆಯವರಂತೆ ದೀಪ ಹೊತ್ತು, ಮನೆಮನೆಯ ಮುಂದೆ ಹಾಡಿ ಹಣ ಕೂಡಿಸಿದ್ದರು. ವರ್ಷವರ್ಷ ಆ ದೀಪ ಹೊರುವ ಅವಳ ಅಪ್ಪ ಜಟ್ಟಪ್ಪ ಆ ಹಣ ಮುಟ್ಟಿರಲಿಲ್ಲ. ಇಬ್ಬರೂ ಮತ್ತೆ ಅವರ ಮನೆಗೆ ಹೊರಟಿದ್ದರು.

“ಇವತ್ತು ನೀನೇ ಮಾತಾಡೇ, ಮುಖ್ಯಮಂತ್ರಿ ಅಲ್ವಾ?” ಎಂದ ಶಿವು.

“ಆರೋಗ್ಯ ನಿನ್ನ ಖಾತೆ ಮಾರಾಯ.”

“ನಿನ್ನೆ ನಾನೊಬ್ನೇ ಹೋದಾಗ ಮುಖಾನೂ ನೋಡ್ಲಿಲ್ಲ ಅವ್ರು. ‘ದೀಪ ಹೊರೋದು ಊರಿಗೆ ಒಳ್ಳೇದಾಗ್ಲಿ ಅಂತ, ನನ್ನ ಮನೆಗೆ ದುಡ್ಡು ಬೇಡೋದಕ್ಕಲ್ಲ’ ಅಂದ್ರು.”

“ಹಾಡು ಕಲಿಸಿದ್ದೂ ಅವ್ರೇ ಕಣೋ. ಪ್ರತಿಭಾ ಕಾರಂಜಿಗೆ ಅಂತ ಸುಳ್ಳು ಹೇಳಿದ್ವಲ್ಲ.”

“ನಿಜ ಹೇಳಿದ್ರೆ ಕಲಿಸ್ತಿದ್ರಾ?”

“ಇಲ್ಲ. ಅದ್ರ ಮೇಲೆ ಹಾಡಿಗೆ ಕುಮುದನ ಹೆಸರು ಬೇರೆ ಸೇರಿಸಿದ್ವಿ.”

“ಅದು ನಂದೇ ಬುದ್ಧಿವಂತಿಕೆ.”

“ಅವಳ ಅಮ್ಮ ಏನಂದ್ರು?”

“ಅತ್ರು, ಅಷ್ಟೇ. ಆಪರೇಷನ್ ಈ ತಿಂಗಳೇ ಆಗ್ಬೇಕಂತೆ.”

“ಕುಮುದಾ?”

“ಬಾಗಿಲ ಸಂದೀಲಿ ನಿಂತಿದ್ಲು. ‘ಹಾಡು ಚೆನ್ನಾಗಿತ್ತಂತಲ್ಲ’ ಅಂದ್ಲು.”

ಸ್ವಾತಿ ಎದ್ದು ನಿಂತಳು.

“ಇವತ್ತು ದುಡ್ಡಿನ ಮಾತೇ ಬೇಡ. ಮೊದ್ಲು ಕಾಲಿಗೆ ಬೀಳಾಣ.”

“ಎಬ್ಬಿಸ್ಲಿಲ್ಲ ಅಂದ್ರೆ?”

“ಬಿದ್ದೇ ಇರಾಣ.”

ಮಾಸ್ತಿಕಟ್ಟೆ ಬಸ್ಸು ಬಂತು, ಇಬ್ಬರೂ ಹತ್ತಿದರು. ಜಟ್ಟಪ್ಪ ಅವರನ್ನು ಎಬ್ಬಿಸಿದರೋ, ಕುಮುದಾಳಿಗೆ ಆಪರೇಷನ್ ಆಯಿತೋ, ಗೊತ್ತಿಲ್ಲ.