ನಾಲ್ಕು ಗವಸು

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹಜೀರಾಬಿ ಕಡೂರು ಬಸ್ಸಿಗೆ ಕಾಯುತ್ತಿದ್ದಳು. ಅದೇ ಬೆಂಚಿನಲ್ಲಿ ಕೂತಿದ್ದ ಹಿರಿಯ ಹೆಂಗಸಿನ ಹತ್ತಿರ, ಶಿವಮೊಗ್ಗದ ಬಸ್ಸಿಳಿದ ಹುಡುಗಿಯೊಬ್ಬಳು ಓಡಿಬಂದಳು.

“ನಿಧಾನ ಕಣೇ ಸ್ಫೂರ್ತಿ! ಕರುಳಿನ ಗಡ್ಡೆ ತೆಗ್ಸಿ ಎರಡು ತಿಂಗ್ಳಾಗಿಲ್ಲ!”

“ರಿಪೋರ್ಟ್ ಬಂತು ದೊಡ್ಡಮ್ಮ! ಕ್ಯಾನ್ಸರ್ ಎಲ್ಲೂ ಉಳಿದಿಲ್ವಂತೆ!”

“ನನ್ನಪ್ಪ, ದೇವ್ರು ದೊಡ್ಡೋನು! ಆಪರೇಷನ್ ಆದಾಗ ನೋಡೋಕೆ ಬರಕ್ಕಾಗ್ಲಿಲ್ಲ. ತಗೋ, ನಿಂಗೇ ಅಂತ ಹೊಲ್ದೆ.”

“ಏನಿವು?”

“ಗವಸು. ಮಲ ಹೋಗೋಕೆ ಹೊಟ್ಟೆ ಮೇಲೆ ಚೀಲ ಇಡ್ತಾರಲ್ಲ, ಅದಕ್ಕೆ. ಹಳೇ ಸೀರೇದು, ಒತ್ತಲ್ಲ.”

“ಅಯ್ಯೋ, ನಂಗೆ ಚೀಲಾನೇ ಇಟ್ಟಿಲ್ಲ! ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಕೆಟ್ಟಿದ್ದು ಕುಯ್ದು ಅವತ್ತೇ ಜೋಡಿಸ್ಬಿಟ್ರು.”

“ಒಂದೇ ಸಲಕ್ಕಾ? ನಂಗೆ ಇಪ್ಪತ್ತೈದು ವರ್ಷದ ಹಿಂದೆ ಮೂರು ಸಲ ಹೊಟ್ಟೆ ಸೀಳಿದ್ರು ಕಣೇ! ಎಲ್ಲಿ, ತೋರ್ಸು.”

ಹುಡುಗಿ ದುಪಟ್ಟಾ ಮರೆ ಮಾಡಿಕೊಂಡು ಹೊಟ್ಟೆ ತೋರಿಸಿದಳು. ಹಜೀರಾಬಿ ಮುಖ ಆಚೆ ತಿರುಗಿಸಿದಳು, ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟಳು.

“ಇಷ್ಟೇನಾ! ಸೊಳ್ಳೆ ಕಚ್ಚಿದಂಗಿದೆ!”

“ಬುಕ್ಕಾಂಬುಧಿ ಬಸ್ಸು ಬಂತು, ಏಳು ದೊಡ್ಡಮ್ಮ.”

“ಹಂಗಾರೆ ಅವನ್ನ ಕೊಡೇ ಇಲ್ಲಿ. ನನ್ನ ಚೀಲದ ಗವಸೆಲ್ಲ ಸವೆದು ಜಾಲರಿ ಆಗಿದ್ವು. ನಂಗೇ ಹೊಸವಾದ್ವು!”

ನಾಲ್ಕನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಡುಗಿಗಿಂತ ಮುಂಚೆ ದೊಡ್ಡಮ್ಮನೇ ಬಸ್ಸು ಹತ್ತಿದಳು.